ಓದದೆ ಉಳಿದ ಪ್ರಬಂಧ

ಮೇಡಂ ಕುಲಪತಿಯಾದ ದಿನ ಅವರ ಗಂಡ ಮನೆಬಾಗಿಲಲ್ಲೇ ನಿಂತು, "ಇನ್ಮೇಲೆ ನನ್ನನ್ನ ಯಾರಾದ್ರೂ ಕೇಳಿದ್ರೆ ಏನಂತ ಹೇಳಲಿ? ಕುಲಪತಿಯ ಪತಿ ಅಂತಲಾ?" ಎಂದು ನಕ್ಕರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದ ಅವರಿಗೆ ಇಂಥ ಮಾತೆಂದರೆ ಪ್ರಾಣ. ಮೇಡಂ ಕೂಡ ನಕ್ಕರು. "ಮೂರೇ ವರ್ಷ ರೀ. ಮುಗಿಸ್ಕೊಂಡು ಬಂದು ಪುಸ್ತಕಕ್ಕೆ ಕೂತ್ಕೋತೀನಿ," ಎಂದರು. ಇದೇ ಮಾತನ್ನು ಅವರು ವಿಭಾಗದ ಮುಖ್ಯಸ್ಥೆಯಾದಾಗಲೂ ಹೇಳಿದ್ದರು, ಡೀನ್ ಆದಾಗಲೂ ಹೇಳಿದ್ದರು. ಗಂಡ ಅದನ್ನು ನೆನಪಿಸಲು ಹೋಗಲಿಲ್ಲ.

ಪುಸ್ತಕವೆಂದರೆ ಕೂಲಿಯವರ ಪುಸ್ತಕ. ಹಳೇ ಬಸ್‌ನಿಲ್ದಾಣದ ಹಿಂದೆ ನಾಲ್ಕು ರಸ್ತೆ ಕೂಡುವ ಕಡೆ ದಿನಗೂಲಿಯವರು ಬೆಳಕು ಹರಿಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಗಾರೆಯವರ ಕೈಯಲ್ಲಿ ಕರಣೆ, ಬಣ್ಣ ಬಳಿಯುವವರ ಜೇಬಿನಿಂದ ಇಣುಕುವ ಬ್ರಷ್ಷು, ಕಸುಬಿಲ್ಲದವರದು ಬರಿಗೈ. ಲಾರಿ ಬಂದು ನಿಂತರೆ ಮೇಸ್ತ್ರಿ ಇಳಿಯುವ ಮೊದಲೇ ಜನ ಮುತ್ತಿಕೊಳ್ಳುತ್ತಿದ್ದರು. ಅವನು ಬೆರಳು ಚಾಚಿ "ನೀನು, ನೀನು, ಆ ಹಿಂದಿನೋನು" ಎಂದು ಆರಿಸುತ್ತಿದ್ದ. ಒಂಬತ್ತು ಗಂಟೆಗೆ ಉಳಿದವರು ಆ ದಿನಕ್ಕೆ ಉಳಿದಂತೆಯೇ. ಅರ್ಥಶಾಸ್ತ್ರ ಕಲಿಸುತ್ತಿದ್ದ, ನಿರುದ್ಯೋಗದ ಮೇಲೆ ದಪ್ಪದಪ್ಪ ಗ್ರಂಥಗಳನ್ನು ಅರೆದು ಕುಡಿದಿದ್ದ ಮೇಡಂಗೆ ಆ ಒಂಬತ್ತು ಗಂಟೆಯ ಮುಖಗಳು ಯಾವ ಗ್ರಂಥದಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ತಾವೇ ನೋಟ್‌ಬುಕ್ ಹಿಡಿದು ಏಳು ವರ್ಷ ಅಲ್ಲಿ ನಿಂತರು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಲಾರಿ ಹತ್ತಿದರು, ಯಾರು ಉಳಿದರು, ಎಲ್ಲ ಬರೆದರು. ಕೂಲಿಯವರು ಅವರಿಗೆ 'ಎಣಿಸೋ ಮೇಡಂ' ಎಂದು ಹೆಸರಿಟ್ಟರು. ಒಬ್ಬ ಮುದುಕಿ ಮಾತ್ರ ಒಮ್ಮೆ ಸೊಂಟಕ್ಕೆ ಕೈಕೊಟ್ಟು ಕೇಳಿದ್ದಳು: "ದಿನಾ ಎಣಿಸ್ತೀಯಲ್ಲ ತಾಯಿ, ಎಣಿಸಿದ್ದಕ್ಕೆ ಒಬ್ಬರಾದ್ರೂ ಕಡಿಮೆ ಆದ್ರಾ?" ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕಿದ್ದರು.

ಡೀನ್ ಆದ ಮೇಲೆ ಬೆಳಗ್ಗೆಯೇ ಸಭೆಗಳು ಶುರುವಾದವು. ಆಗ ನೋಟ್‌ಬುಕ್ ಕಡ್ಡಿಯ ಕೈಗೆ ಹೋಯಿತು.

ಕಡ್ಡಿ ಮೇಡಂ ಅವರ ಶಿಷ್ಯ. ಗಾಳಿ ಬೀಸಿದರೆ ಹಾರಿಹೋಗುವಂತಿದ್ದುದರಿಂದ ಆ ಹೆಸರು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಅದೇ ವಿಭಾಗದಲ್ಲಿ ತಾತ್ಕಾಲಿಕ ಉಪನ್ಯಾಸಕ. ವರ್ಷವರ್ಷವೂ ನೇಮಕದ ಪತ್ರ ಹೊಸದಾಗಿ ಬರಬೇಕು. ಹಾಗೆ ಹದಿಮೂರು ಪತ್ರ ಬಂದಿದ್ದವು. ಮುಂಜಾನೆ ಆರಕ್ಕೆ ರಸ್ತೆ ಕೂಡುವಲ್ಲಿ ನಿಂತು, ಒಂಬತ್ತರವರೆಗೆ ಬರೆದು, ಹತ್ತಕ್ಕೆ ತರಗತಿಗೆ ಓಡಿಬರುತ್ತಿದ್ದ. ಆ ವಿಷಯದ ಮೇಲೆಯೇ ಮೇಡಂ ಮಾರ್ಗದರ್ಶನದಲ್ಲಿ ಪಿಎಚ್‌ಡಿಗೆ ನೋಂದಾಯಿಸಿದ್ದ. ಅವರು ಕುಲಪತಿಯಾಗಿ ಒಂದು ತಿಂಗಳಾಗಿತ್ತು. ಒಂದು ದಿನ ನೀಲಿ ಫೈಲಿನಲ್ಲಿ ನಾಲ್ಕು ನೂರು ಪುಟ ಹೊತ್ತುಕೊಂಡು ಬಂದ.

"ಮುಗೀತು ಮೇಡಂ. ನೀವೊಂದ್ಸಲ ಓದಿ ಸಹಿ ಮಾಡಿದ್ರೆ ಸಲ್ಲಿಸಿಬಿಡ್ತೀನಿ."

"ಭೇಷ್! ಒಂದು ವಾರ ಟೈಮ್ ಕೊಡು," ಎಂದರು ಮೇಡಂ. ಮನಸ್ಸಿನಲ್ಲಿ ಕಪಟವಿರಲಿಲ್ಲ.

ಆ ವಾರ ಹಾಸ್ಟೆಲಿನಲ್ಲಿ ನೀರಿಲ್ಲವೆಂದು ವಿದ್ಯಾರ್ಥಿಗಳು ಗೇಟಿಗೆ ಅಡ್ಡ ಕೂತರು. ಮುಂದಿನ ವಾರ ತಪಾಸಣೆಯ ಸಮಿತಿ ಬಂತು. ಆಮೇಲೆ ಹೊಸ ಕಟ್ಟಡದ ಶಂಕುಸ್ಥಾಪನೆ, ಪ್ರಶ್ನೆಪತ್ರಿಕೆಯ ಗಲಾಟೆ, ಮಂತ್ರಿಗಳ ಭೇಟಿ. ನೀಲಿ ಫೈಲು ಮೇಜಿನಿಂದ ಪಕ್ಕದ ಕಪಾಟಿಗೆ ಹೋಯಿತು, ಅದರ ಮೇಲೆ ಇನ್ನಷ್ಟು ಫೈಲುಗಳು ಬಂದು ಕೂತವು. ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಕಡ್ಡಿ ನಮಸ್ಕಾರ ಮಾಡುತ್ತಿದ್ದ, ಬಾಯಿಬಿಟ್ಟು ಕೇಳುತ್ತಿರಲಿಲ್ಲ. "ಓದ್ತಾ ಇದೀನಿ ಕಣೋ," ಎಂದು ಮೇಡಂ ತಾವಾಗಿಯೇ ಹೇಳುತ್ತಿದ್ದರು. ಮೊದಮೊದಲು ಆ ಸುಳ್ಳು ಹೇಳುವಾಗ ನೆಲ ನೋಡುತ್ತಿದ್ದರು. ಬರಬರುತ್ತ ಸಲೀಸಾಯಿತು. ಹೀಗೆಯೇ ಎರಡೂವರೆ ವರ್ಷ ಕಳೆಯಿತು.

ಆಗ ಮೇಲಿನಿಂದ ಆದೇಶ ಬಂತು: ಪಿಎಚ್‌ಡಿ ಇಲ್ಲದ ತಾತ್ಕಾಲಿಕ ಉಪನ್ಯಾಸಕರನ್ನೆಲ್ಲ ಕೈಬಿಡಬೇಕು, ಇಲ್ಲವಾದರೆ ಎರಡು ವಿಭಾಗ ಮುಚ್ಚಬೇಕು. ಮೇಡಂ ಫೋನ್ ಮಾಡಿದರು, ಪತ್ರ ಬರೆದರು, ಖುದ್ದಾಗಿ ಹೋಗಿ ಅಧಿಕಾರಿಗಳ ಕೋಣೆಯ ಹೊರಗೆ ಕಾದು ಕೂತರು. ಯಾರೂ ಸೊಪ್ಪುಹಾಕಲಿಲ್ಲ. ಎರಡು ನಷ್ಟಗಳಲ್ಲಿ ಚಿಕ್ಕದನ್ನು ಆರಿಸುವುದು ಹೇಗೆಂದು ಅವರು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಗೀಟೆಳೆದು ಕಲಿಸಿದ್ದರು. ಕುಲಸಚಿವರು ಅರವತ್ತಮೂರು ಹೆಸರುಗಳ ಪಟ್ಟಿ ತಂದು ಮುಂದಿಟ್ಟಾಗ, ಕೊನೆಯ ಪುಟ ತಿರುಗಿಸಿ ಸಹಿ ಹಾಕಿದರು. ಹೆಸರುಗಳನ್ನು ಓದಲಿಲ್ಲ. ಓದಿದರೆ ಕೈ ಏಳುವುದಿಲ್ಲವೆಂದು ಗೊತ್ತಿತ್ತು.

ಕಡ್ಡಿಯ ನೆನಪಾದದ್ದು ಆ ಪಟ್ಟಿ ಹೊರಟುಹೋದ ಮೇಲೆ. ಕುಲಸಚಿವರನ್ನು ವಾಪಸ್ ಕರೆಸಿದರು.

"ಅವನ ಪ್ರಬಂಧ ನನ್ನ ಹತ್ರಾನೇ ಇದೆ. ಈಗಲೇ ಸಹಿ ಮಾಡ್ತೀನಿ. ಸಲ್ಲಿಕೆ ಆಗಿದೆ ಅಂತ ತೋರಿಸಿ ಅವನೊಬ್ಬನ ಹೆಸರು ತಡೆಹಿಡಿಯೋಕಾಗುತ್ತಾ?"

ಕುಲಸಚಿವರು ಹಳೇ ಹುಲಿ. ಕಡತ ತರಿಸಿ ನೋಡಿ ಕನ್ನಡಕ ತೆಗೆದರು. "ಆಗಲ್ಲ ಮೇಡಂ. ನೋಂದಣಿ ನಾಲ್ಕು ತಿಂಗಳ ಹಿಂದೇನೇ ರದ್ದಾಗಿದೆ. ಎಂಟು ವರ್ಷದೊಳಗೆ ಸಲ್ಲಿಸ್ಬೇಕಿತ್ತು, ಅದು ದಾಟಿತು."

"ಎಂಟು ವರ್ಷ ಅಂತ ಯಾರು ಮಾಡಿದ್ದು?"

ಕುಲಸಚಿವರು ಕಣ್ಣಿಗೆ ಕಣ್ಣು ಕೊಡದೆ, "ನೀವೇ ಮೇಡಂ. ಬಂದ ವರ್ಷ. ಸುಮ್ನೆ ಎಳೆದಾಡ್ತಾರೆ, ಬಿಗಿ ಮಾಡ್ಬೇಕು ಅಂದ್ರಿ," ಎಂದರು.

ಹೌದು. ಆ ನಿಯಮಕ್ಕಾಗಿ ಪತ್ರಿಕೆಗಳು ಹೊಗಳಿದ್ದವು.

ಪಟ್ಟಿ ಜಾರಿಯಾಗಿ ಮೂರು ವಾರ ಕಳೆದ ಮೇಲೆ ಒಂದು ಶನಿವಾರ ಮೇಡಂ ಫೈಲನ್ನು ಮನೆಗೆ ತಂದರು. ತೆರೆದೊಡನೆ ಒಂದು ಚೀಟಿ ಕೆಳಗೆ ಬಿತ್ತು. 'ಮೇಡಂ, ನೋಂದಣಿಗೆ ಈ ತಿಂಗಳೇ ಕೊನೆ. ಮೂರು ಗಂಟೆ ಕಾದೆ. ನೀವು ಸಭೆಯಲ್ಲಿದ್ದೀರಂತೆ. ಆಪ್ತ ಸಹಾಯಕರ ಕೈಗೆ ಕೊಟ್ಟು ಹೋಗುತ್ತಿದ್ದೇನೆ.' ಚೀಟಿಯನ್ನು ಯಾರೋ ಅಚ್ಚುಕಟ್ಟಾಗಿ ಫೈಲಿನೊಳಗೇ ಇಟ್ಟಿದ್ದರು.

ಅಂದು ರಾತ್ರಿ, ಮರುದಿನವೂ ಕೂತಲ್ಲಿಂದ ಏಳದೆ ಓದಿದರು. ಐದನೇ ಅಧ್ಯಾಯವನ್ನು ಎರಡು ಸಲ ಓದಿದರು. ಲಾರಿ ಬಂದರೂ ತಿರುಗಿ ನೋಡದೆ ನಿಂತಿರುತ್ತಿದ್ದ ಹದಿನೇಳು ಜನರ ಬಗ್ಗೆ ಕಡ್ಡಿ ಬರೆದಿದ್ದ. ಅವರು ಕೆಲಸಕ್ಕಾಗಿ ಬರುತ್ತಿರಲಿಲ್ಲ. ಹೆಂಡತಿ ಮಕ್ಕಳು ತಾವು ಮನೆಯಿಂದ ಹೊರಡುವುದನ್ನು ನೋಡಲಿ ಎಂದು ಬರುತ್ತಿದ್ದರು. ಅದನ್ನು ಅವರ ಬಾಯಿಂದ ಕೇಳಿ ತಿಳಿಯಲು ಅವನಿಗೆ ಮೂರು ವರ್ಷ ಹಿಡಿದಿತ್ತು. ಮೇಡಂ ಕೂಡ ಆ ಜನರನ್ನು ನೋಡಿದ್ದರು, ಎಣಿಸಿದ್ದರು. ಮಾತಾಡಿಸಿರಲಿಲ್ಲ. ಇಂಥದ್ದನ್ನು ತಾನು ಜನ್ಮದಲ್ಲಿ ಬರೆಯಲಾರೆ ಎಂಬುದು ಅವರಿಗೆ ಖಚಿತವಾಯಿತು.

ಭಾನುವಾರ ಸಂಜೆ ಫೈಲು ಹಿಡಿದು ಕಡ್ಡಿಯ ಮನೆಗೆ ಹೋದರು. ಎರಡನೇ ಮಹಡಿಯ ಕಿರಿದಾದ ಮನೆ. ಅವನ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಎದ್ದು ಕುರ್ಚಿ ಸರಿಸಿದಳು, ಮತ್ತೆ ಹೊಲಿಯತೊಡಗಿದಳು.

"ಅವನು ಎಲ್ಲಿ ತಾಯಿ?"

"ಕೆಲಸಕ್ಕೆ ಹೋಗಿದಾರೆ. ಗೋದಾಮಿನಲ್ಲಿ. ಬರೋ ಹೊತ್ತಾಯ್ತು." ಯಂತ್ರ ನಿಲ್ಲಿಸದೆಯೇ, "ನಿಮ್ಮನ್ನ ಒಂದು ಮಾತು ಕೇಳ್ಲಾ ಮೇಡಂ? ಅದು ಚೆನ್ನಾಗಿಲ್ವಾ? ಚೆನ್ನಾಗಿಲ್ಲ ಅಂತ ಹೇಳಿದ್ರೂ ಆಗ್ತಿತ್ತಲ್ಲ. ಅವರು ಬೇರೆ ಏನಾದ್ರೂ ನೋಡ್ಕೋತಿದ್ರು," ಎಂದಳು.

"ತುಂಬಾ ಚೆನ್ನಾಗಿದೆಯಮ್ಮ," ಎಂದರು ಮೇಡಂ.

ಹೊಲಿಗೆ ಯಂತ್ರ ನಿಂತಿತು.

ಕಡ್ಡಿ ಬಂದವನೇ ಗಾಬರಿಯಿಂದ, "ಅಯ್ಯೋ ಮೇಡಂ, ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲ," ಎಂದ. ಇನ್ನಷ್ಟು ತೆಳ್ಳಗಾಗಿದ್ದ. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸವಂತೆ. "ಎಣಿಸೋದು ನೀವೇ ಕಲಿಸಿದ್ದಲ್ವಾ, ಸುಲಭವಾಗಿ ಸಿಕ್ತು," ಎಂದು ನಕ್ಕ. ಆ ನಗುವಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಮೇಡಂಗೆ ಕೂರುವುದು ಸುಲಭವಾಗುತ್ತಿತ್ತು.

"ಇದನ್ನ ಪುಸ್ತಕ ಮಾಡೋಣ. ನಿನ್ನೊಬ್ಬನ ಹೆಸರಲ್ಲೇ. ನಾನು ಮುನ್ನುಡಿ ಬರೀತೀನಿ," ಎಂದರು.

ಕಡ್ಡಿ ಫೈಲನ್ನು ನೋಡಿದ, ಮುಟ್ಟಲಿಲ್ಲ. "ನಿಮ್ಮ ಮುನ್ನುಡಿಗೆ ಇನ್ನೊಂದು ಎರಡೂವರೆ ವರ್ಷ ಕಾಯೋ ಶಕ್ತಿ ಇಲ್ಲ ಮೇಡಂ," ಎಂದ. ಹದಿನೈದು ವರ್ಷದಲ್ಲಿ ಅವನು ಹಾಗೆ ಮಾತಾಡಿದ್ದು ಅದೇ ಮೊದಲು. ಮರುಕ್ಷಣವೇ ಮುಖ ಸಣ್ಣದು ಮಾಡಿಕೊಂಡು, "ತಪ್ಪಾಯ್ತು, ಬಾಯಿ ತಪ್ಪಿ ಬಂತು, ಕ್ಷಮಿಸಿ," ಎಂದ.

"ನೀವ್ಯಾಕ್ರೀ ಕ್ಷಮೆ ಕೇಳ್ತೀರಾ?" ಎಂದಳು ಹೆಂಡತಿ ಕಿಟಕಿಯ ಬಳಿಯಿಂದ.

ಕ್ಷಮೆ ಕೇಳಬೇಕಾದವರು ಮೇಡಂ. ಅದಕ್ಕೆಂದೇ ಬಂದಿದ್ದರು. ಆದರೆ ಎಷ್ಟೋ ಸಭೆಗಳಲ್ಲಿ ನಿರರ್ಗಳವಾಗಿ ಮಾತಾಡುತ್ತಿದ್ದ ನಾಲಗೆ ಅಲ್ಲಿ ಹೊರಳಲಿಲ್ಲ. ಫೈಲನ್ನು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದರು.

ಅವಧಿ ಮುಗಿಯಲು ಮೂರು ತಿಂಗಳಿರುವಾಗ ಎರಡನೇ ಅವಧಿಗೆ ಮುಂದುವರಿಯುವಿರಾ ಎಂದು ಕೇಳಿ ಪತ್ರ ಬಂತು. ಇಲ್ಲವೆನ್ನುವುದೆಂದು ನಿರ್ಧಾರ ಮಾಡಿದರು. ವಿಭಾಗಕ್ಕೆ ಮರಳಿ, ಮತ್ತೆ ಮೊದಲಿನಿಂದ ಶುರುಮಾಡಿ, ಈ ಸಲ ಮಾತಾಡಿಸಬೇಕು, ಕೇಳಿಸಿಕೊಳ್ಳಬೇಕು. ಮಾರನೆಯ ಮುಂಜಾನೆ ಕಾರು ಬಿಟ್ಟು, ಹೊಸ ನೋಟ್‌ಬುಕ್ ಹಿಡಿದು ಹಳೇ ಬಸ್‌ನಿಲ್ದಾಣದ ಹಿಂದಕ್ಕೆ ನಡೆದುಹೋದರು.

ರಸ್ತೆ ಕೂಡುವಲ್ಲಿ ಯಾರೂ ಇರಲಿಲ್ಲ. ಒಂದು ನಾಯಿ ಮಲಗಿತ್ತು. ಆರೂವರೆಯಾಯಿತು, ಏಳಾಯಿತು. ಲಾರಿಯೊಂದು ಬಂತು, ನಿಲ್ಲದೆ ಹೋಯಿತು. ಟೀ ಅಂಗಡಿಯವನು ಇವರನ್ನು ಗುರುತು ಹಿಡಿದ.

"ಎಣಿಸೋ ಮೇಡಂ ಅಲ್ವಾ? ಇಲ್ಯಾರು ಬರ್ತಾರೆ ಈಗ! ಎಲ್ಲಾ ಫೋನಲ್ಲೇ. ಮೇಸ್ತ್ರಿ ಬೇಕಾದವರಿಗೆ ಫೋನ್ ಮಾಡ್ತಾನೆ, ಅವರು ನೇರ ಕೆಲಸದ ಹತ್ರ ಹೋಗ್ತಾರೆ."

"ಫೋನ್ ಬರದೇ ಇರೋರು?"

"ಮನೇಲಿರ್ತಾರೆ." ಅವನು ಲೋಟ ಒರೆಸಿಟ್ಟ. "ಎಷ್ಟು ಜನ ಅಂತ ಯಾರಿಗೆ ಗೊತ್ತು?"

ಮೇಡಂ ಒಂಬತ್ತರವರೆಗೂ ಬೆಂಚಿನ ಮೇಲೆ ಕೂತಿದ್ದರು. ನೋಟ್‌ಬುಕ್ಕಿನಲ್ಲಿ ತಾರೀಖನ್ನಷ್ಟೇ ಬರೆದರು. ವಿಭಾಗಕ್ಕೆ ಮರಳಿ ಏನು ಮಾಡುವುದು? ಪಾಠ ಮಾಡಬೇಕೆಂದರೆ, ಹದಿನೈದು ವರ್ಷದಿಂದ ತನ್ನ ವಿಷಯದಲ್ಲಿ ಹೊಸದಾಗಿ ಬಂದಿದ್ದನ್ನು ಓದಿಲ್ಲ. ಬರೆಯಬೇಕೆಂದರೆ, ಬರೆಯಬೇಕಾದದ್ದನ್ನು ಇನ್ನೊಬ್ಬ ಬರೆದು ಮುಗಿಸಿದ್ದಾನೆ, ತಾನು ಅದನ್ನು ಮಣ್ಣುಪಾಲು ಮಾಡಿದ್ದಾಗಿದೆ. ಕುಲಪತಿಯ ಕೆಲಸವೊಂದೇ ಈಗ ತನಗೆ ಗೊತ್ತಿರುವ ಕೆಲಸ. ಆ ಯೋಚನೆ ಬಂದಾಗ ಅಳು ಬರಬೇಕಿತ್ತು. ಬರಲಿಲ್ಲ.

ಮಧ್ಯಾಹ್ನ ಆಪ್ತ ಸಹಾಯಕರನ್ನು ಕರೆದು ಒಪ್ಪಿಗೆಯ ಪತ್ರ ಟೈಪ್ ಮಾಡಿಸಿದರು.

ಸಂಜೆ ಗಂಡ ಕೇಳಿದರು: "ಒಪ್ಕೊಂಡ್ಯಾ?"

"ಹೂಂ."

ಅವರು ಯಾವ ತಮಾಷೆಯನ್ನೂ ಮಾಡಲಿಲ್ಲ. "ಊಟ ಮಾಡು ಬಾ," ಎಂದರು.

ಎರಡನೇ ಅವಧಿಯ ಮೊದಲ ವಾರ ಕುಲಸಚಿವರು ಮತ್ತೊಂದು ಪಟ್ಟಿ ತಂದರು. ಗ್ರಂಥಾಲಯದವರು, ಪ್ರಯೋಗಾಲಯದ ಸಹಾಯಕರು, ಒಟ್ಟು ಹತ್ತೊಂಬತ್ತು ಜನ. ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರನ್ನು ಓದತೊಡಗಿದರು. ಎಷ್ಟು ವರ್ಷ ಕೆಲಸ ಮಾಡಿದ್ದಾರೆ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಕುಲಸಚಿವರು ಗೊತ್ತಿದ್ದಷ್ಟು ಹೇಳಿದರು. ಇದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಹೊರಗೆ ಭೇಟಿಗೆ ಬಂದವರು ಕಾಯುತ್ತಿದ್ದರು. ಹತ್ತೊಂಬತ್ತನೆಯ ಹೆಸರು ಮುಗಿದ ಮೇಲೆ ಕುಲಸಚಿವರು ಪೆನ್ನಿನ ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು, ಮೇಡಂ ಅದನ್ನು ತೆಗೆದುಕೊಂಡರು.