ಖಾಲಿ ಮೂಲೆಯ ಚುಕ್ಕಿ

ಆ ಚುಕ್ಕಿಯನ್ನು ಅಲ್ಲಿಂದ ಕದಲಿಸುವುದಿಲ್ಲ, ಏನಾದರೂ ಆಗಿಹೋಗಲಿ ಎಂದುಕೊಂಡೇ ಅವನು ಲಿಫ್ಟಿನಿಂದ ಹೊರಬಿದ್ದ.

ಮಾರುಕಟ್ಟೆಯ ಒಂದೊಂದು ಆಟವನ್ನೂ ಒಂದೊಂದು ಚುಕ್ಕಿಯಾಗಿ ಗುರುತಿಸಿದ ಆ ನಕ್ಷೆಯಲ್ಲಿದ್ದುದು ಎರಡೇ ಗೆರೆ. ಅಡ್ಡಗೆರೆ, ಒಬ್ಬರೇ ಆಡುವುದರಿಂದ ಗುಂಪಾಟದವರೆಗೆ. ಉದ್ದಗೆರೆ, ನಿಧಾನದಿಂದ ವೇಗದವರೆಗೆ. ಪ್ರತಿಸ್ಪರ್ಧಿಗಳ ವಿಡಿಯೋ ಗೇಮುಗಳೆಲ್ಲ ಮೇಲಿನ ಬಲಮೂಲೆಯಲ್ಲಿ ಒಂದರ ಮೈಮೇಲೊಂದು ಬಿದ್ದಿದ್ದವು. ಕೆಳಗಿನ ಎಡಮೂಲೆಯಲ್ಲಿ ಅವನ ತಂಡದ ದೋಣಿಯಾಟ ಒಂದೇ. ಆಟಗಾರ ಹುಟ್ಟು ಹಾಕುತ್ತ ಹೋಗಬೇಕು, ಬೇಕೆನಿಸಿದರೆ ದಡದ ಕಡೆ ಕೂಗಬಹುದು, ಅಷ್ಟೇ. ವರ್ಷಗಟ್ಟಲೆ ಮಾಡಿದ ಕೆಲಸ. ಸಂಜೆಯ ಸಭೆ ಒಪ್ಪದಿದ್ದರೆ ಆಟವೂ ಇಲ್ಲ, ತಂಡವೂ ಇಲ್ಲ.

"ಚುಕ್ಕಿ ಸಾಹೇಬ್ರೇ, ಯಾಕೆ ಮುಖ ಗಂಟು ಹಾಕ್ಕೊಂಡಿದೀರಿ?" ಎಂದಳು ತಂಡದ ಪ್ರೋಗ್ರಾಮರ್.

"ಏನಿಲ್ಲ."

ಮ್ಯಾನೇಜರ್ ಸುತ್ತಿಬಳಸಲಿಲ್ಲ. "ನಮ್ದನ್ನೂ ಆ ಗುಂಪಿನೊಳಗೇ ತೂರಿಸಿ. ಖಾಲಿ ಜಾಗ ಅಂದ್ರೆ ಅಲ್ಲಿ ಗಿರಾಕಿ ಇಲ್ಲ ಅಂತ ತಾನೇ?"

"ಇದಾರೆ ಸರ್. ತೋರಿಸ್ತೀನಿ."

ಗುಟ್ಟು ಹೊರಗೆ ಹೋಗಬಾರದೆಂದು ಈ ಕಚೇರಿಯಲ್ಲಿ ಹೊಸ ಆಟದ ಪರೀಕ್ಷೆಗೆ ನೌಕರರ ಮನೆಯವರನ್ನೇ ಕೂರಿಸುವ ರೂಢಿ. ಇವತ್ತು ಅವನ ಹೆಂಡತಿ ಮತ್ತು ಮಗಳು. ಮೊದಲು ಪ್ರತಿಸ್ಪರ್ಧಿಯ ಆಟ. ಅವನು ಗಾಜಿನ ಗೋಡೆಯ ಈಚೆ ನಿಂತು ನೋಡಿದ.

"ಅಮ್ಮಾ, ಹೊಡಿ, ಹೊಡಿ! ಅಯ್ಯೋ, ನನಗಲ್ಲ!"

ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಹೆಂಡತಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಇವಳು ಹೀಗೂ ನಗುತ್ತಾಳೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಹೊಟ್ಟೆ ಉರಿಯಿತು.

ದೋಣಿಯಾಟ ಶುರುವಾದದ್ದೇ ತಡ, ಮಗಳು "ಬೋರು" ಎಂದು ಎದ್ದಳು. ಹೆಂಡತಿ ಮಾತ್ರ ಬಹಳ ಹೊತ್ತು ಆಡಿದಳು, ನಗದೆ, ಅತ್ತಿತ್ತ ತಿರುಗದೆ. ಅವನಿಗೆ ಹೋದ ಜೀವ ಬಂದಂತಾಯಿತು. ಒಳಗೆ ಹೋದ.

"ಹೇಗಿತ್ತು?"

"ಚೆನ್ನಾಗಿದೆ."

"ಹಾಗಲ್ಲ, ನಿಜ ಹೇಳು. ಬರ್ಕೋಬೇಕು."

ಅವಳು ಪರದೆಯನ್ನೇ ನೋಡುತ್ತಿದ್ದಳು. "ಎಷ್ಟು ಕೂಗಿದ್ರೂ ಯಾರೂ ಓ ಅನ್ನಲ್ಲ ರೀ. ಸುಮ್ನೆ ಹುಟ್ಟು ಹಾಕ್ತಾನೇ ಇರ್ಬೇಕು. ಮನೇಲಿದ್ದ ಹಾಗೇ ಅನ್ನಿಸ್ತು."

ಅವನು ತಲೆ ಎತ್ತದೆ ಬರೆದುಕೊಂಡ. ಅರ್ಥವಾಗದಷ್ಟು ದಡ್ಡನೇನಲ್ಲ. ನಾಚಿಕೆಯಾಯಿತು. ಆದರೆ ಸಭೆ ಕಾಯುತ್ತಿತ್ತು.

"ಸರಿ, ನೀವಿಬ್ರೂ ಹೊರಡಿ. ನಾನು ಬರೋದು ತಡ ಆಗುತ್ತೆ."

"ಗೊತ್ತು."

ಅವರು ಹೋದ ಮೇಲೆ, ಬರೆದುಕೊಂಡಿದ್ದ ಅವಳ ಮಾತಿನಲ್ಲಿ ಮೊದಲ ಎರಡು ವಾಕ್ಯಗಳನ್ನು ಅಳಿಸಿದ. ಕೊನೆಯದನ್ನು ನಕ್ಷೆಯ ಆ ಮೂಲೆಯಲ್ಲಿ, ಚುಕ್ಕಿಯ ಕೆಳಗೆ ಕೂರಿಸಿದ: "ಮನೆಯಲ್ಲಿದ್ದ ಹಾಗೇ ಅನ್ನಿಸಿತು."

ಸಭೆಯಲ್ಲಿ ನಕ್ಷೆ ಪರದೆಯ ಮೇಲೆ ಮೂಡಿದಾಗ ಮ್ಯಾನೇಜರ್ ಅದನ್ನು ಗಟ್ಟಿಯಾಗಿ ಓದಿದ. "ಅಬ್ಬಾ! ಇದೇ ಕಣ್ರೀ ನಮ್ಮ ಜಾಹೀರಾತು! ಬಿಡುಗಡೆ ಮಾಡೇಬಿಡೋಣ. ಯಾರ ಮನೆಯವರು ಹೇಳಿದ್ದು?"

"ಯಾರೋ ಒಬ್ಬರು, ಸರ್."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಚುಕ್ಕಿ ಕಾಣ್ತಿಲ್ಲ, ದೊಡ್ಡದು ಮಾಡಿ!"

ಗುಂಡಿ ಒತ್ತಿದ.

"ಇನ್ನೂ ಸ್ವಲ್ಪ!"

ಒತ್ತಿದ. ಕಪ್ಪು ಚುಕ್ಕಿ ಉಬ್ಬುತ್ತ ಹೆಂಡತಿಯ ಮಾತಿನ ಮೇಲೆ ಹರಡಿತು, ಒಂದೊಂದೇ ಅಕ್ಷರವನ್ನು ಮುಚ್ಚಿ ಮೂಲೆಯನ್ನೆಲ್ಲ ತುಂಬಿಕೊಂಡಿತು. ಸಾಕು, ಸಾಕು ಎಂದು ಎಲ್ಲರೂ ನಗುತ್ತಿದ್ದರು. ಅವನ ಬೆರಳು ಒತ್ತುತ್ತಲೇ ಇತ್ತು.