ಬೀಗರ ಮನೆಯ ಮುಂದಿನ ಬೀಗ

ಒಂದು ಸಲ ಕುಂಯ್ ಅಂದರೆ ಕಾರಿನ ನಾಲ್ಕೂ ಬಾಗಿಲಿಗೆ ಬೀಗ ಬಿತ್ತು, ಎರಡು ಸಲ ಕುಂಯ್ ಕುಂಯ್ ಅಂದರೆ ಬೀಗ ತೆರೆಯಿತು. ಅಮಾತೆಪ್ಪ ಸಾವ್ಕಾರನ ಕಾರಿಗೆ ಬರುತ್ತಿದ್ದದ್ದು ಇಷ್ಟೇ ಮಾತು. ಆ ಮಾತನ್ನು ದೇವರ ಮಾತೆಂದು ನಂಬಿ ಜನ ಹಣಮಂತ್ರಾಯನನ್ನು ಕಳ್ಳನನ್ನಾಗಿ ಮಾಡಿದ್ದರು.

ದೋರನಹಳ್ಳಿಯ ಹಣಮಂತ್ರಾಯ ಹದಿನೆಂಟು ವರ್ಷ ಶಹಾಪುರದ ಈ ಸಾವ್ಕಾರನ ಡ್ರೈವರ್ ಆಗಿದ್ದವನು. ಸಾವ್ಕಾರನದು ಬೀಜ-ಗೊಬ್ಬರದ ದೊಡ್ಡ ಅಂಗಡಿ, ಅದಕ್ಕಿಂತ ದೊಡ್ಡ ಬಾಯಿ. ಎರಡು ವರ್ಷದ ಹಿಂದೆ ಅವನ ಮಗಳು ನಾಗಲಕ್ಷ್ಮಿಯ ನಿಶ್ಚಯ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ, ಗಂಡಿನ ತಂದೆ ಮಾನಪ್ಪನ ಮನೆಯಲ್ಲಿ ನಡೆಯಿತು. ಅಳಿಯನ ಕೊರಳಿಗೆ ಹಾಕಬೇಕಾದ ಬಂಗಾರದ ಸರವನ್ನು, ರಾಹುಕಾಲ ಕಳೆಯಲಿ ಎಂದು, ಸಾವ್ಕಾರ ಕಾರಿನಲ್ಲೇ ಬಿಟ್ಟ. ಚಾವಿಯಲ್ಲಿದ್ದ ರಿಮೋಟ್ ಒತ್ತಿದ, ಕುಂಯ್ ಅಂತು, ಜೇಬಿಗೆ ಹಾಕಿಕೊಂಡು ತಿರುಗಿ ನೋಡದೆ ಒಳಗೆ ಹೋದ. ರಾಹುಕಾಲ ಕಳೆದ ಮೇಲೆ ಬಂದು ನೋಡಿದರೆ ಸರವೂ ಇಲ್ಲ, ಸರದ ಡಬ್ಬಿಯೂ ಇಲ್ಲ. ಗಾಜು ಒಡೆದಿರಲಿಲ್ಲ, ಬಾಗಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಲಾಕ್ ಮಾಡೀನಿ, ಎಲ್ಲಾರೂ ಕೇಳ್ಯಾರ," ಎಂದ ಸಾವ್ಕಾರ. "ಒಂದು ಚಾವಿ ನನ್ನ ಜೇಬಿನಾಗ, ಇನ್ನೊಂದು ಇವನ ಕೈಯಾಗ. ಮಷೀನು ಸುಳ್ಳು ಹೇಳ್ತದೇನು?"

ಬೀಗರೆದುರು, ತುಂಬಿದ ಹಂದರದಲ್ಲಿ, ಹಣಮಂತ್ರಾಯನ ಅಂಗಿ ಬಿಚ್ಚಿಸಿದರು. ಜೇಬು ಹೊರಗೆ ಎಳೆಸಿದರು. ಬಿದ್ದದ್ದು ಒಂದು ಬೀಡಿ ಕಟ್ಟು, ಹೆಂಡತಿ ಸಾಯಬಮ್ಮನ ಮಾತ್ರೆಯ ಚೀಟಿ. ಅವನು ದೇವರ ಜಗಲಿಯಿಂದ ಭಂಡಾರದ ಬಟ್ಟಲು ತರಿಸಿ, ಆ ಅರಿಶಿನದ ಪುಡಿಯ ಮೇಲೆ ಕೈಯಿಟ್ಟು, "ಮಲ್ಲಯ್ಯನ ಆಣಿ, ನಾ ಮುಟ್ಟಿಲ್ಲ" ಅಂದ. ಆ ಕಡೆ ಭಂಡಾರ ಮುಟ್ಟಿ ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೂ ಸಾವ್ಕಾರ, "ಕಳ್ಳರಿಗೆ ಭಂಡಾರಾನೂ ಅಷ್ಟಾ, ಜೋಳದ ಹಿಟ್ಟೂ ಅಷ್ಟಾ" ಎಂದು ನಕ್ಕ. ಪೊಲೀಸರಿಗೆ ಸಾಕ್ಷಿ ಸಿಗಲಿಲ್ಲ. ಜನಕ್ಕೆ ಸಾಕ್ಷಿ ಬೇಕಾಗಿಯೂ ಇರಲಿಲ್ಲ.

ಮಾನಪ್ಪನಿಗೆ ಮಾತ್ರ ಆ ಆಣೆ ಮನಸ್ಸಿನಲ್ಲಿ ಉಳಿಯಿತು. ಆದರೆ ಹೊಸ ಬೀಗರ ಎದುರು ಬಾಯಿ ಬಿಡಲಿಲ್ಲ.

ದೋರನಹಳ್ಳಿಯಲ್ಲಿ ಇರುವುದು ಕಷ್ಟವಾಯಿತು. ಸಾಯಬಮ್ಮ ಯಾರ ಮನೆಗೆ ಹೋದರೂ ಹೆಂಗಸರು ಸೆರಗು ಸರಿ ಮಾಡುವ ನೆವದಲ್ಲಿ ಕೊರಳು ಮುಟ್ಟಿ ನೋಡಿಕೊಳ್ಳುವರು. ಅವಳು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಕಳ್ಳತನದ ಮಾತು ಎದ್ದ ಊರಿನಲ್ಲೇ ಅದು ಬಿದ್ದು ಹೋಗಲಿ ಎಂಬ ಹಟದಿಂದ ಹಣಮಂತ್ರಾಯ ರಂಗಂಪೇಟೆಗೇ ಬಂದು ಬಾಡಿಗೆ ಕೋಣೆ ಹಿಡಿದ. ಕಾರಿನ ವೈರಿಂಗ್ ಕೆಲಸದ ಭೀಮೇಶನ ಅಂಗಡಿ ಸೇರಿದ. ಡ್ರೈವರಿಕೆಗೆ ಅವನನ್ನು ಯಾರು ಕರೆದಾರು? ಅವನಿಗೆ ಇದ್ದದ್ದು ಒಂದೇ ಆಸೆ. ಅದೇ ಜಾಗದಲ್ಲಿ, ಅದೇ ಜನರೆದುರು, ಸಾವ್ಕಾರನ ಜೇಬು ಹೊರಗೆ ಬರಬೇಕು. ಅದನ್ನು ನೋಡದೆ ಸಾಯಬಾರದು.

ಬಸುರಿ ನಾಗಲಕ್ಷ್ಮಿಗೆ ಏಳು ತಿಂಗಳಾಗಿ ಗಂಡನ ಮನೆಯಲ್ಲಿ ಸೀಮಂತದ ಕುಬಸ ಇಟ್ಟುಕೊಂಡ ದಿನ, ಬೆಳಿಗ್ಗೆ ಹತ್ತಕ್ಕೆ, ಸಾವ್ಕಾರನ ಕಾರು ಭೀಮೇಶನ ಅಂಗಡಿ ಮುಂದೆ ನಿಂತಿತು. ಹಣಮಂತ್ರಾಯ ಬೇರೊಂದು ಜೀಪಿನ ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ ವೈರಿಗೆ ಟೇಪು ಸುತ್ತುತ್ತಿದ್ದ. ಸಾವ್ಕಾರನಿಗೆ ಕಂಡದ್ದು ಹೊರಗೆ ಚಾಚಿದ ಎರಡು ಕಾಲು ಮಾತ್ರ.

"ಈ ರಿಮೋಟ್ ರಿಪೇರಿ ಮಾಡು, ಭೀಮೇಶ. ಗಾಡಿ ಮಾರಾಕತ್ತೀನಿ. ತಗೊಳ್ಳಾಂವ ಎರಡೂ ಚಾವಿ ಚಾಲೂ ಇರಬೇಕು ಅಂತಾನ."

"ಏನಾಗ್ಯದ್ರಿ?"

"ಏನಿಲ್ಲ. ಲಾಕ್ ಮಾಡಿ ಜೇಬಿನಾಗ ಹಾಕ್ಕೊಂಡ್ರ ಒಮ್ಮೊಮ್ಮೆ ತಾನಾ ತೆರಕೊಂತದ."

"ಯಾವಾಗಿಂದ್ರಿ?"

"ಮಗಳ ನಿಶ್ಚಯದ ಹಿಂದಿನ ಅಮಾಸಿಗೇ ಶುರು ಆತು. ನಿಶ್ಚಯ ಮುಗದ ಮ್ಯಾಲ ಇದನ್ನ ಕಪಾಟಿನಾಗ ಒಗದು, ಇನ್ನೊಂದು ಚಾವೀನೇ ಇಟ್ಕೊಂಡೀನಿ. ಊಟದ ಹೊತ್ತಿಗಿ ಮಾನಪ್ಪನ ಮನಿಗಿ ಕಳಸು."

ಕಾರು ಹೋಯಿತು. ಹಣಮಂತ್ರಾಯನ ಕೈಯಲ್ಲಿ ಟೇಪು ಹಾಗೇ ನಿಂತಿತ್ತು. ಗೊತ್ತಿತ್ತು. ಕಾರು ಜೇಬಿನೊಳಗಿಂದಲೇ ತೆರೆದುಕೊಂಡಿರಬಹುದು, ದಾರಿಹೋಕರು ಯಾರು ಬೇಕಾದರೂ ಸರ ಒಯ್ದಿರಬಹುದು ಎಂದು ಅಂಗಿ ಬಿಚ್ಚಿಸುವಾಗಲೇ ಸಾವ್ಕಾರನಿಗೆ ಗೊತ್ತಿತ್ತು. ಕೆಟ್ಟ ಚಾವಿ ನಂಬಿ ಬಂಗಾರ ಬಿಟ್ಟೆ ಅಂದರೆ ಹೊಸ ಬೀಗರು ನಗುತ್ತಾರೆಂದು, ಹದಿನೆಂಟು ವರ್ಷ ಅನ್ನ ಹಂಚಿಕೊಂಡವನನ್ನು ಕಳ್ಳನೆಂದು ಕೂಗಿದ್ದ. ಹಣಮಂತ್ರಾಯನಿಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿದ್ದ ಕಟಿಂಗ್ ಪ್ಲೇಯರ್ ಹಿಡಿದು ಓಡಿ ಹೋಗಿ ಆ ತಲೆ ಒಡೆಯಬೇಕೆನಿಸಿತು. ಆದರೆ ತಲೆ ಒಡೆದರೆ ಜೇಬು ಹೊರಗೆ ಬರುವುದಿಲ್ಲ.

ಅಷ್ಟರಲ್ಲಿ ಭೀಮೇಶ ರಿಮೋಟಿನ ಸಣ್ಣ ಸ್ಕ್ರೂ ಬಿಚ್ಚಿ ಎರಡು ಹೋಳು ಮಾಡಿದ್ದ. "ಅಲಲಲಾ, ಇದೇನೋ ಮಾರಾಯ!" ಎಂದ.

ಒಳಗೆಲ್ಲ ಹಳದಿ. ಸಾವ್ಕಾರ ಪ್ರತಿ ಅಮಾವಾಸ್ಯೆಗೆ ಕಾರಿನ ಪೂಜೆ ಮಾಡುವಾಗ ಚಾವಿಯನ್ನೂ ಬಾನೆಟ್ ಮೇಲಿಟ್ಟು, ಅದರ ಮೇಲೇ ಕಾಯಿ ಒಡೆದು, ಗುಂಡಿ ಕಾಣದಂತೆ ಭಂಡಾರ ಮೆತ್ತುತ್ತಿದ್ದ. ಆ ಕಾಯಿಯ ನೀರಿನಲ್ಲಿ ಭಂಡಾರ ಕಲೆತು ಒಳಗಿಳಿದು, ತೆರೆಯುವ ಗುಂಡಿಯ ಬುಡದಲ್ಲಿ ಗಟ್ಟಿಯಾಗಿ ಕೂತಿತ್ತು. ಸ್ವಲ್ಪ ಅದುಮಿದರೆ ಸಾಕು, ಗುಂಡಿ ಕೆಳಗೆ ಹೋಗಿ ಅಂಟುತ್ತಿತ್ತು. ಹಾಗೆ ಮೆತ್ತಬ್ಯಾಡ್ರಿ ಎಂದು ಹಣಮಂತ್ರಾಯ ಎಷ್ಟು ಅಮಾವಾಸ್ಯೆ ಹೇಳಿದ್ದನೋ!

ಭೀಮೇಶ ಬ್ರಷ್ಷನ್ನು ಪೆಟ್ರೋಲಿನಲ್ಲಿ ಅದ್ದಿದ. ಹಣಮಂತ್ರಾಯ ಅವನ ಮುಂಗೈ ಹಿಡಿದ.

"ತೊಳೀಬ್ಯಾಡ."

"ಯಾಕ?"

"ನಾ ಮುಟ್ಟಿ ಆಣಿ ಮಾಡಿದ್ದು ಇದೇ ಭಂಡಾರ. ಅವತ್ತು ನನ್ನ ಸಾಕ್ಷಿ ಅವನ ಜೇಬಿನಾಗೇ ಕುಂತಿತ್ತು. ಹೆಂಗದೋ ಹಂಗೇ ಮುಚ್ಚಿ, ಹೊಸಾ ಸೆಲ್ ಹಾಕು. ನೀನೂ ಬಾ ನನ್ನ ಕೂಡ."

ಭೀಮೇಶನಿಗೆ ದೊಡ್ಡ ಗಿರಾಕಿ ಕೈ ತಪ್ಪುವ ಚಿಂತೆ. ತುಸು ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಹಣಮಂತ್ರಾಯನ ಮುಖ ನೋಡಿ, ಸ್ಕ್ರೂ ಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟ.

ಮಾನಪ್ಪನ ಮನೆ ಮುಂದೆ ಅದೇ ಜಾಗದಲ್ಲಿ ಹಂದರ, ಅದೇ ಜಾಗದಲ್ಲಿ ಕಾರು, ಹೆಚ್ಚುಕಡಿಮೆ ಅದೇ ಜನ. ನಾಗಲಕ್ಷ್ಮಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಹಣಮಂತ್ರಾಯನನ್ನು ಕಂಡದ್ದೇ ಸಾವ್ಕಾರ, "ಈ ಕಳ್ಳನ್ನ ಯಾರು ಒಳಗ ಬಿಟ್ರು?" ಎಂದು ಎದ್ದ.

"ಚಾವಿ ಕೊಡಾಕ ಬಂದೀನ್ರಿ, ಸಾವ್ಕಾರ್ರ. ಭೀಮೇಶನ ಅಂಗಡ್ಯಾಗ ಈಗ ನಾನಾ ಇರೋದು." ಹಣಮಂತ್ರಾಯ ದನಿ ಏರಿಸಲಿಲ್ಲ. "ಎಲ್ಲಾರ ಮುಂದ ಒಮ್ಮೆ ಲಾಕ್ ಮಾಡಿ, ಜೇಬಿನಾಗ ಹಾಕ್ಕೊಂಡು ಕೂಡ್ರಿ."

ಸಾವ್ಕಾರನ ಮುಖ ಬಿಳಿಚಿತು. "ಈಗ್ಯಾಕ ಅದು? ಕುಬಸ ನಡದದ" ಎಂದ.

"ಒತ್ರಿ ಬೀಗರ. ಗುಂಡಿ ಒತ್ತಾಕ ಎಷ್ಟು ಹೊತ್ತು?" ಎಂದ ಮಾನಪ್ಪ.

ಬೀಗರ ಮಾತು ತೆಗೆದುಹಾಕುವಂತಿಲ್ಲ. ಸಾವ್ಕಾರ ಹಣಮಂತ್ರಾಯನ ಕೈಯಿಂದ ಚಾವಿ ತೆಗೆದುಕೊಂಡು ಒತ್ತಿದ. ಕುಂಯ್. ಚಾವಿ ಜೇಬಿಗೆ ಹೋಯಿತು. ಹಣಮಂತ್ರಾಯ ಕಾರಿನಿಂದ ದೂರ, ಹಂದರದ ಕಂಬದ ಬಳಿ, ಎರಡೂ ಅಂಗೈ ಎಲ್ಲರಿಗೂ ಕಾಣುವಂತೆ ಎತ್ತಿ ನಿಂತ.

ಏನೂ ಆಗಲಿಲ್ಲ. ಹೆಂಗಸರು ಒಂದು ಸೋಬಾನೆ ಪದ ಮುಗಿಸಿ ಇನ್ನೊಂದು ಶುರು ಮಾಡಿದರು. ಕಾರು ತೆಪ್ಪಗೆ ನಿಂತಿತ್ತು. ನಂಬಿಕೆಗೆಟ್ಟ ವಸ್ತುವಿನ ಹಣೆಬರಹವೇ ಇದು, ಬೇಕಾದ ಹೊತ್ತಿಗೆ ಕೆಡುತ್ತದೆ ಎಂದೂ ಅದನ್ನು ನಂಬುವಂತಿಲ್ಲ. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

ಸಾವ್ಕಾರನಿಗೆ ಜೀವ ಬಂತು. "ನೋಡ್ರಿ ಬೀಗರ, ಇವನ ನಾಟಕ! ಎರಡು ವರ್ಷ ಆದ್ರೂ ಕಳ್ಳನ ಬುದ್ಧಿ ಹೋಗಿಲ್ಲ!" ಎನ್ನುತ್ತ ಗಹಗಹಿಸಿ ನಕ್ಕು, ತೊಡೆಯನ್ನು ಪಟ್ಟನೆ ತಟ್ಟಿಕೊಂಡ. ಚಾವಿ ಇದ್ದದ್ದು ಆ ತೊಡೆಯ ಮೇಲಿನ ಜೇಬಿನಲ್ಲೇ.

ಕುಂಯ್ ಕುಂಯ್.

ಕಾರಿನ ದೀಪಗಳು ಮಿನುಗಿದವು. ನಾಲ್ಕೂ ಬಾಗಿಲಿನ ಲಾಕಿನ ಗೂಟಗಳು ಟಕ್ಕನೆ ಮೇಲೆದ್ದವು. ಸೋಬಾನೆ ಅರ್ಧಕ್ಕೆ ನಿಂತಿತು. ಮಾನಪ್ಪ ಎದ್ದು ಹೋಗಿ ಹಿಂದಿನ ಬಾಗಿಲು ಎಳೆದ. ಅದು ಸಲೀಸಾಗಿ ತೆರೆಯಿತು.

"ಜೇಬು ತೆಗೀರಿ, ಸಾವ್ಕಾರ್ರ," ಎಂದ ಹಣಮಂತ್ರಾಯ. ಈಗ ದನಿ ಏರಿತ್ತು. "ನಂದು ತೆಗಸಿದ್ರಲ್ಲ, ಅಂಗಿ ಸುದ್ದಾ ಬಿಚ್ಚಿಸಿದ್ರಲ್ಲ. ತೆಗೀರಿ!"

ಯಾರೂ ಸಾವ್ಕಾರನ ಪರ ಬರಲಿಲ್ಲ. ಅವನು ಒಂದೊಂದೇ ಜೇಬು ಹೊರಗೆ ಎಳೆದ. ಕರವಸ್ತ್ರ, ಅಡಿಕೆ ಚೂರು, ಎರಡು ಚಾವಿ. ಬಿಳಿ ಜೇಬುಗಳು ಎರಡೂ ಕಡೆ ಆಡಿನ ಕಿವಿಯ ಹಾಗೆ ಜೋತುಬಿದ್ದವು. ಹಣಮಂತ್ರಾಯ ಕಣ್ತುಂಬ ನೋಡಿದ. ಎರಡು ವರ್ಷದ ಹೊಟ್ಟೆಯುರಿ ತಣ್ಣಗಾಗುತ್ತಿತ್ತು. ಆದರೆ ಪೂರ್ತಿ ಆಗಿರಲಿಲ್ಲ.

ಭೀಮೇಶ ರಿಮೋಟ್ ಬಿಚ್ಚಿ ತಾಟಿನಲ್ಲಿ ಕೊಡವಿದ. ಹಳದಿ ಹಕ್ಕಳೆ ಉದುರಿದವು. ಮಾನಪ್ಪ ಒಂದನ್ನು ಉಜ್ಜಿ ಮೂಸಿ, "ಭಂಡಾರ" ಎಂದ.

"ನನಗ ಗೊತ್ತಿದ್ದಿಲ್ಲ ಬೀಗರ," ಎಂದು ಸಾವ್ಕಾರ ತೊದಲಿದ. "ಮಷೀನು ಹಿಂಗ ಮಾಡ್ತದಂತ ನನಗೇನು ಗೊತ್ತು?"

ಭೀಮೇಶ ಬಾಯಿ ತೆರೆದ. ಹಣಮಂತ್ರಾಯ ಕೈಯೆತ್ತಿ ಅವನನ್ನು ತಡೆದು, ತಾಟನ್ನು ಎರಡೂ ಕೈಯಲ್ಲಿ ಹಿಡಿದು ಸಾವ್ಕಾರನ ಮುಂದೆ ಚಾಚಿದ. "ಮುಟ್ಟಿ ಹೇಳ್ರಿ. ನಿಶ್ಚಯದ ದಿನ ಗೊತ್ತಿದ್ದಿಲ್ಲ ಅಂತ, ಇದನ್ನ ಮುಟ್ಟಿ ಹೇಳ್ರಿ. ಮಗಳು ಮಣಿ ಮ್ಯಾಲ ಕುಂತಾಳ."

ಸಾವ್ಕಾರನ ಕೈ ಅರ್ಧ ದಾರಿ ಬಂತು. ನಾಗಲಕ್ಷ್ಮಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಪ್ಪಾ, ಸುಳ್ಳು ಇದ್ರ ಮುಟ್ಟಬ್ಯಾಡ" ಎಂದಳು. ಕೈ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು.

ಸಾವ್ಕಾರ, "ತಪ್ಪಾತು ಹಣಮಂತು. ನಾಳಿಂದ ಕೆಲಸಕ್ಕ ಬಾ" ಎಂದ.

"ಇನ್ನೊಬ್ಬರ ಗಾಡಿ ಕಾಯೋದು ಸಾಕಾತ್ರಿ. ನಿಮ್ಮ ಗಾಡಿ ಬಾಯಿ ತೆರದು ನಿಂತದ. ನೀವಾ ಕಾಯ್ರಿ," ಎಂದ ಹಣಮಂತ್ರಾಯ.

ಮಾನಪ್ಪ ತಾನೇ ಹೋಗಿ ಬಾಡಿಗೆ ಕೋಣೆಯಿಂದ ಸಾಯಬಮ್ಮನನ್ನು ಊಟಕ್ಕೆ ಕರೆತಂದ. ಅವಳು ಹೆಂಗಸರ ಪಂಕ್ತಿಯ ತುದಿಗೆ ಅಳುಕುತ್ತ ನಿಂತಳು. ಒಬ್ಬರ ಕೈಯೂ ಕೊರಳಿಗೆ ಹೋಗಲಿಲ್ಲ. ನಾಗಲಕ್ಷ್ಮಿ ತನ್ನ ಕೊರಳಿನ ಬಂಗಾರದ ಬೋರಮಾಳ ಸರ ಬಿಚ್ಚಿ ಅವಳ ಅಂಗೈಯಲ್ಲಿಟ್ಟು ಬೆನ್ನು ತಿರುಗಿಸಿ ಕೂತಳು. "ಕೊಂಡಿ ಬಿಚ್ಚಿಕೊಳ್ಳಾಕತ್ತದ, ನೀನಾ ಹಾಕವ್ವ" ಎಂದಳು.

ಬಾಗಿಲಾಚೆ, ಬಿಸಿಲಿನಲ್ಲಿ, ಜೇಬು ಒಳಗೆ ತೂರಿಕೊಳ್ಳುವುದನ್ನೂ ಮರೆತು ಅಮಾತೆಪ್ಪ ಸಾವ್ಕಾರ ಕಾರಿಗೆ ಒರಗಿ ನಿಂತಿದ್ದ. ಅಲ್ಲಿಂದ ಅವನಿಗೆ ಇವರು ಚೆನ್ನಾಗಿ ಕಾಣುತ್ತಿದ್ದರು. ಕೊಂಡಿ ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ. ಸಾಯಬಮ್ಮ ಅವನನ್ನೇ ನೋಡುತ್ತ, ನಿಧಾನವಾಗಿ ಹಾಕಿದಳು.