ಬಾ ಎಂದವನು

ಡೆಲೊರೇನ್ ಊರಿನ ಬೇಕರಿ ಬೆಳಿಗ್ಗೆ ಆರೂವರೆಗೇ ಬಾಗಿಲು ತೆಗೆಯುತ್ತದೆ. ಹಾಲಿನ ಲಾರಿಯವರು, ಕುರಿ ಸಾಗಿಸುವವರು, ಮರ ಕಡಿಯುವವರು ಅಲ್ಲಿ ಒಂದಿಷ್ಟು ಹೊತ್ತು ಸೇರಿ, ಹೂರಣ ತುಂಬಿ ಬೇಯಿಸಿದ ಬಿಸಿ ಪೈ ಕೈಯಲ್ಲಿ ಹಿಡಿದುಕೊಂಡೇ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಏಪ್ರಿಲ್ ತಿಂಗಳ ಒಂದು ಮಂಗಳವಾರ; ಭೂಮಿಯ ದಕ್ಷಿಣ ತುದಿಯ ಆ ಸೀಮೆಯಲ್ಲಿ ಚಳಿ ಆಗಷ್ಟೇ ಶುರುವಾಗಿತ್ತು. ಕ್ಲೈವ್ ಟಿಲಿಯಾರ್ಡ್ ಎರಡು ಚಿಪ್ಪುಮೀನಿನ ಪೈ ಹಿಡಿದು ಬಂದಾಗ, ನರೆಲ್ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ಚೈನ್ ಗರಗಸದ ಹಲ್ಲುಗಳಿಗೆ ಅರ ಉಜ್ಜುತ್ತಿದ್ದಳು.

ಕ್ಲೈವನಿಗೆ ಐವತ್ನಾಲ್ಕು ವರ್ಷ. ಅದರಲ್ಲಿ ಮೂವತ್ತು ಮರದ ಮೇಲೆಯೇ ಕಳೆದಿದ್ದವು. ಮನೆಗಳ ಮೇಲೆ, ತಂತಿಗಳ ಮೇಲೆ ವಾಲಿದ ಮರಗಳನ್ನು ತುದಿಯಿಂದ ತುಂಡು ತುಂಡಾಗಿ ಇಳಿಸುವುದರಲ್ಲಿ ಆ ಸುತ್ತಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ನರೆಲ್ ಹಿಂಗ್‌ಸ್ಟನ್ ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಹನ್ನೆರಡು ವರ್ಷದಿಂದ ಅವನು ಹತ್ತಿದ ಮರದ ಬುಡ ಕಾಯುವವಳು. ಅವನು ಕಡಿದು ಬಿಟ್ಟ ರೆಂಬೆಗಳನ್ನು ಎಳೆದು ಪುಡಿ ಮಾಡುವ ಯಂತ್ರಕ್ಕೆ ಉಣಿಸುವುದು ಅವಳ ಪಾಲಿನ ಕೆಲಸ. ಹೆಂಗಸಿಗೆ ಈ ಕೆಲಸ ಕೊಡಲು ಎಲ್ಲರೂ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅವನು ಕರೆದು ಕೊಟ್ಟಿದ್ದ. ಅದನ್ನು ಅವಳು ಮರೆತಿರಲಿಲ್ಲ.

ಅವಳು ಅರ ಕೆಳಗಿಟ್ಟು, ಚೀಲದಿಂದ ಒಂದು ಕಿತ್ತಳೆ ಬಣ್ಣದ ಪಟ್ಟಿ ತೆಗೆದಳು. ಎರಡೂ ತುದಿಯಲ್ಲಿ ಕೊಂಡಿ.

"ಮತ್ತೆ ತಂದ್ಯಾ ಆ ನಾಯಿ ಹಗ್ಗಾನ?" ಕ್ಲೈವ್ ನಕ್ಕ.

"ನಾಯಿಗಾದ್ರೆ ಇಷ್ಟು ಸಲ ಹೇಳ್ಬೇಕಾಗಿರ್ಲಿಲ್ಲ. ಒಂದು ತುದಿ ಗರಗಸಕ್ಕೆ, ಇನ್ನೊಂದು ನಿನ್ನ ಸೊಂಟದ ಪಟ್ಟಿಗೆ. ಕೈ ತಪ್ಪಿದ್ರೂ ನೇತಾಡ್ಕೊಂಡಿರುತ್ತೆ, ಕೆಳಗೆ ಬರಲ್ಲ."

"ನನ್ನ ಕೈ ಯಾವತ್ತು ತಪ್ಪಿದೆ?"

"ತಪ್ಪೋ ದಿನ ಮೊದಲೇ ಕಾಗದ ಬರೆದು ತಿಳಿಸುತ್ತಾ?"

ಕ್ಲೈವ್ ಪೈ ಕಚ್ಚಿದವನು ಅಗಿಯುವುದನ್ನು ನಿಲ್ಲಿಸಿದ. "ಬೆವನ್ ಕಟ್ಕೊಂಡಿದ್ದ ನರೆಲ್. ನಿಂಗೂ ಗೊತ್ತು."

ಅವಳಿಗೆ ಗೊತ್ತಿತ್ತು. ಬೆವನ್ ಅವನಿಗೆ ಕಸುಬು ಕಲಿಸಿದವನು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಪೈನ್ ಮರದ ತುದಿ ಕಡಿಯುವಾಗ ಗರಗಸ ಸೀಳಿನಲ್ಲಿ ಸಿಕ್ಕಿಕೊಂಡಿತು. ತುದಿ ಮುರಿದು ಬೀಳುವಾಗ ಗರಗಸವನ್ನೂ ಎಳೆದುಕೊಂಡು ಹೋಯಿತು. ಗರಗಸ ಅವನ ಸೊಂಟಕ್ಕೆ ಗಟ್ಟಿ ಹಗ್ಗದಲ್ಲಿ ಕಟ್ಟಿತ್ತು. ಬೆನ್ನು ಮುರಿದ ಬೆವನ್‌ನನ್ನು ಕೆಳಗಿಳಿಸಿದವನು ಕ್ಲೈವ್. ಅಂದಿನಿಂದ ಅವನು ಗರಗಸವನ್ನು ಸೊಂಟದ ಕೊಕ್ಕೆಗೆ ಸುಮ್ಮನೆ ಸಿಕ್ಕಿಸುತ್ತಿದ್ದನೇ ಹೊರತು ಮೈಗೆ ಕಟ್ಟಿಕೊಂಡವನಲ್ಲ.

"ಅದು ಹಳೇ ಹಗ್ಗ. ಇದ್ರಲ್ಲಿ ಒಂದು ಕಡೆ ಹೊಲಿಗೆ ಇದೆ, ಜೋರಾಗಿ ಎಳೆದ್ರೆ ಹರ್ಕೊಳ್ಳುತ್ತೆ. ಗರಗಸ ಹೋಗುತ್ತೆ, ನೀನು ಮೇಲೇ ಉಳೀತೀಯ."

"ಹೊಲಿಗೆ ನಂಬ್ಕೊಂಡು ಮರ ಹತ್ತೋ ವಯಸ್ಸಲ್ಲ ನಂದು. ನಡಿ, ಹೊತ್ತಾಯ್ತು."

ಅವಳು ಪಟ್ಟಿಯನ್ನು ಚೀಲಕ್ಕೆ ಹಾಕಿದಳು.

ಅಂದಿನ ಕೆಲಸ ಊನಾ ಬೆಸ್ವಿಕ್ ಎಂಬ ಮುದುಕಿಯ ಮನೆಯಲ್ಲಿ. ಅಡುಗೆಮನೆಯ ಮೇಲೆ ವಾಲಿದ್ದ ದೊಡ್ಡ ಪೈನ್ ಮರವನ್ನು ಇಳಿಸಬೇಕಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಮಗ್ಗುಲಿನ ರೆಂಬೆಗಳೆಲ್ಲ ನೆಲ ಸೇರಿದ್ದವು. ಕ್ಲೈವ್ ಹದಿನೇಳು ಮೀಟರ್ ಮೇಲಿದ್ದ. ಅವನು ಕಡಿಯುವಷ್ಟು ಹೊತ್ತು ನರೆಲ್ ಬೇಲಿಯಾಚೆ ನಿಲ್ಲುವಳು. ರೆಂಬೆ ಬಿದ್ದ ಮೇಲೆ ಅವನು "ಬಾ" ಎಂದು ಕೂಗಿದರೆ ಮಾತ್ರ ಒಳಗೆ ಬರುವಳು. ಹನ್ನೆರಡು ವರ್ಷ ನಡೆದುಬಂದ ಕ್ರಮ ಅದು.

ರೆಂಬೆ ಬಿತ್ತು. ಕ್ಲೈವ್ ಕೆಳಗೆ ನೋಡಿದ. ಎಲ್ಲ ಸರಿಯಾಗಿತ್ತು. "ಬಾ!" ಎಂದು ಕೂಗಿದ. ಅವಳು ಬೇಲಿ ದಾಟಿ ಒಳಗೆ ಬರುತ್ತಿರುವಾಗ, ಇನ್ನೂ ಗುರುಗುಟ್ಟುತ್ತಿದ್ದ ಗರಗಸವನ್ನು ಬ್ರೇಕ್ ಹಾಕದೆ, ನೋಡದೆ, ಸೊಂಟದ ಕೊಕ್ಕೆಗೆ ಸಿಕ್ಕಿಸಿದ. ಸಾವಿರಾರು ಸಲ ಮಾಡಿದ ಕೆಲಸ, ಕಣ್ಣು ಬೇಕಿರಲಿಲ್ಲ. ಸಿಕ್ಕಿತೆಂದುಕೊಂಡು ಕೈ ಬಿಟ್ಟ.

ಸಿಕ್ಕಿರಲಿಲ್ಲ.

ಸೊಂಟ ಒಮ್ಮೆಗೇ ಹಗುರವಾಯಿತು. ಅವನಿಗೆ ಮೊದಲು ತಿಳಿದದ್ದು ಅಷ್ಟೇ. ಗರಗಸ ಒಂದು ಮೋಟು ಕೊಂಬೆಗೆ ಬಡಿದು ಪಕ್ಕಕ್ಕೆ ಚಿಮ್ಮಿತು. "ನರೆಲ್!" ಎಂದು ಅವನು ಅರಚಿದ್ದು ಕೇಳಿ ಅವಳು ತಲೆಯೆತ್ತಿದಳು, ಬಲಗೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಎಂಜಿನ್ ಗುರುಗುಟ್ಟುತ್ತಿದ್ದರೂ ಒತ್ತುಗುಂಡಿ ಬಿಟ್ಟದ್ದರಿಂದ ಹಲ್ಲುಗಳು ತಿರುಗುತ್ತಿರಲಿಲ್ಲ. ಅಷ್ಟು ಎತ್ತರದಿಂದ ಬಿದ್ದು ಕೈ ಸೀಳಲು ತಿರುಗಬೇಕಾಗಿಯೂ ಇರಲಿಲ್ಲ.

ಹದಿನೇಳು ಮೀಟರ್ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಆಮೇಲೆ ಯಾರೋ ಕೇಳಿದರು. ಅವನಿಗೆ ಹೇಳಲಾಗಲಿಲ್ಲ. ಹಗ್ಗದಲ್ಲಿ ಜಾರುತ್ತ ಜಾರುತ್ತ ಅವನು ಕಂಡದ್ದು ಹಸಿ ಮರದ ಹೊಟ್ಟಿನ ಮೇಲೆ ಕುಳಿತಿದ್ದ ನರೆಲ್‌ಳನ್ನು. ಅವಳು ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಮೊಣಕೈಯಿಂದ ಕೆಳಗೆ ತೆರೆದುಕೊಂಡಿದ್ದ ತನ್ನ ಕೈಯನ್ನು ಯಾರದೋ ವಸ್ತು ಎಂಬಂತೆ ನೋಡುತ್ತಿದ್ದಳು. ಊನಾ ಅಜ್ಜಿ ಅಡುಗೆಮನೆಯಿಂದ ತುವಾಲುಗಳನ್ನು ಹಿಡಿದು ಓಡಿಬಂದಳು. ಎಂಬತ್ತು ದಾಟಿದ ಆ ಮುದುಕಿಯೇ ಆಂಬುಲೆನ್ಸಿಗೆ ಫೋನ್ ಮಾಡಿದ್ದಳು. ಕ್ಲೈವ್ ತುವಾಲು ಒತ್ತಿ ಹಿಡಿದ. ಬಿಳಿ ತುವಾಲಿನ ಮೇಲೆ ನೀಲಿ ಹೂಗಳಿದ್ದವು. ನೋಡನೋಡುತ್ತ ಹೂ ಕಾಣದಾಯಿತು.

"ಬೆರಳು ಆಡ್ತಿಲ್ಲ ಕ್ಲೈವ್," ಎಂದಳು ನರೆಲ್, ಮೆಲ್ಲಗೆ. "ಮಡಿಸ್ತಾ ಇದ್ದೀನಿ. ಆಡ್ತಿಲ್ಲ."

ಹತ್ತಿರದ ನಗರ ಲಾನ್ಸೆಸ್ಟನ್‌ನ ಆಸ್ಪತ್ರೆಯಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಕೈ ಉಳಿಯಿತು. ಹೆಬ್ಬೆರಳು, ತೋರುಬೆರಳು ಇನ್ನು ಮಡಿಸಲಾರವೆಂದು ವೈದ್ಯರು ಹೇಳಿದರು.

ನಾಲ್ಕನೆಯ ದಿನ ಕೆಲಸದ ಸುರಕ್ಷತೆ ನೋಡುವ ಇಲಾಖೆಯಿಂದ ಇಂಗ್ರಿಡ್ ಎಂಬ ತನಿಖಾಧಿಕಾರಿ ಆಸ್ಪತ್ರೆಗೆ ಬಂದರು. ಮೆಲುಮಾತಿನ ಹೆಂಗಸು. ಹಾಸಿಗೆಯ ಪಕ್ಕ ಕುಳಿತು, "ನೀವು ಮರದ ಕೆಳಗೆ ಹೋದಾಗ ಮೇಲಿಂದ ಕರೆ ಬಂದಿತ್ತಾ?" ಎಂದು ಕೇಳಿದರು.

ನರೆಲ್ ಕಿಟಕಿಯ ಹತ್ತಿರ ನಿಂತಿದ್ದ ಕ್ಲೈವನತ್ತ ಒಮ್ಮೆ ನೋಡಿದಳು. "ಇಲ್ಲ," ಎಂದಳು. "ನಾನೇ ಅವಸರ ಮಾಡ್ಬಿಟ್ಟೆ. ಕರೆಯೋಕೆ ಮುಂಚೆನೇ ಹೋದೆ."

ಇಂಗ್ರಿಡ್ ಅವನ ಕಡೆ ತಿರುಗಿದರು. "ನೀವು ಕರೆದಿರಲಿಲ್ವಾ?"

ಆ ಕ್ಷಣದಲ್ಲಿ ಒಂದು ಮಾತು ಸಾಕಿತ್ತು. ಕ್ಲೈವ್ ತಲೆ ಅಲ್ಲಾಡಿಸಿದ. ಅಲ್ಲಾಡಿಸಿದ್ದು ಯಾವ ದಿಕ್ಕಿಗೆಂದು ಅವನಿಗೇ ಖಚಿತವಿರಲಿಲ್ಲ. ಇಂಗ್ರಿಡ್ ಮಾತ್ರ ಅದನ್ನು ‘ಇಲ್ಲ’ ಎಂದು ಬರೆದುಕೊಂಡರು.

ಅವರು ಹೋದ ಮೇಲೆ ನರೆಲ್ ಅಂದಳು: "ಇಬ್ರೂ ಮನೇಲಿ ಕೂತು ಏನು ಪ್ರಯೋಜನ? ನೀನಾದ್ರೂ ಹತ್ತು." ಹಾಗೆಂದು ಕಣ್ಣು ಮುಚ್ಚಿಕೊಂಡಳು.

ತನಿಖೆ ಮುಗಿಯುವವರೆಗೆ ಕ್ಲೈವ್ ಹತ್ತುವಂತಿರಲಿಲ್ಲ. ಸುಮ್ಮನೆ ಕೂರಲಾಗದೆ, ಆರನೆಯ ವಾರ, ಟ್ಯಾಮ್ಸಿನ್ ಎಂಬ ಬರ್ನಿ ಊರಿನ ಕಡೆಯ ಮರ ಹತ್ತುವವಳ ಗುಂಪಿನಲ್ಲಿ ನೆಲದ ಕೆಲಸಕ್ಕೆ ಹೋದ. ಮೂವತ್ತರ ಹುಡುಗಿ, ಬಾಯಿ ಜೋರು. "ದೊಡ್ಡವರು ನಮ್ಮ ಬುಡ ಗುಡಿಸೋಕೆ ಬಂದಿದ್ದಾರೆ, ಎಲ್ಲಾ ಮರ್ಯಾದೆಯಿಂದ ಕಸ ಹಾಕ್ರಪ್ಪಾ," ಎಂದು ರೇಗಿಸಿದಳು. ಕ್ಲೈವ್ ನಗಲು ಯತ್ನಿಸಿದ.

ಅದೊಂದು ನೀಲಗಿರಿ ಮರ, ಬೋಳು ಕಾಂಡ. ಟ್ಯಾಮ್ಸಿನ್ ಮೇಲೇರಿ ಕಡಿಯತೊಡಗಿದಳು. ಕ್ಲೈವ್ ಹಗ್ಗ ಹಿಡಿದು ಕೆಳಗೆ ನಿಂತು ತಲೆಯೆತ್ತಿದ. ಮೂವತ್ತು ವರ್ಷವೂ ಅವನು ಮರಗಳನ್ನು ಮೇಲಿಂದಲೇ ನೋಡಿದವನು. ಮೇಲಿಂದ ನೆಲ ಚಿಕ್ಕದಾಗಿ, ಸುರಕ್ಷಿತವಾಗಿ ಕಾಣುತ್ತದೆ. ಕೆಳಗಿನಿಂದ ಕಂಡದ್ದೇ ಬೇರೆ. ಟ್ಯಾಮ್ಸಿನ್‌ಳ ಬೂಟಿನ ಅಡಿ, ಅದರ ಮೇಲೆ ಕತ್ತಿಯಂತೆ ಹೊಳೆಯುವ ಗರಗಸ. ಅದರ ಕೆಳಗೆ ಅವನ ಮುಖ. ನಡುವೆ ಏನೂ ಇಲ್ಲ, ಬರೀ ಗಾಳಿ.

ಅಷ್ಟರಲ್ಲಿ ಒಂದು ರೆಂಬೆ ತಿರುಚಿ ಅವಳ ಮೊಣಕೈಗೆ ಬಡಿಯಿತು. ಗರಗಸ ಕೈ ತಪ್ಪಿತು.

ಕ್ಲೈವ್ ಹಗ್ಗ ಬಿಟ್ಟು ಕೆಸರಿಗೆ ಮುಖ ಕೊಟ್ಟು ಬಿದ್ದ. ಎರಡೂ ಕೈ ತಲೆಯ ಮೇಲೆ. ಕಾದ. ಏನೂ ಬೀಳಲಿಲ್ಲ. ನಗು ಕೇಳಿಸಿತು. ತಲೆಯೆತ್ತಿ ನೋಡಿದರೆ, ಟ್ಯಾಮ್ಸಿನ್‌ಳ ಸೊಂಟದಿಂದ ಒಂದು ಮೊಳ ಕೆಳಗೆ, ಕಿತ್ತಳೆ ಪಟ್ಟಿಯೊಂದರಲ್ಲಿ ಗರಗಸ ಸುಮ್ಮನೆ ತೂಗಾಡುತ್ತಿತ್ತು.

"ಏನಾಯ್ತು ಯಜಮಾನ್ರೇ? ಈಜು ಕಲೀತಿದ್ದೀರಾ?" ಎಂದು ಮೇಲಿಂದ ಕೂಗು ಬಂತು.

ಕ್ಲೈವ್ ಎದ್ದು, ಬೇಲಿಯವರೆಗೆ ನಡೆದು, ವಾಂತಿ ಮಾಡಿಕೊಂಡ. ಆಮೇಲೆ ಯಾರೂ ನಗಲಿಲ್ಲ.

ಚಹಾದ ಹೊತ್ತಿಗೆ ಟ್ಯಾಮ್ಸಿನ್ ಅವನ ಪಕ್ಕ ಬಂದು ಕುಳಿತಳು. ಅವನು ಕೆಸರಾದ ಕೈಗಳನ್ನು ನೋಡುತ್ತ ಬೆವನ್‌ನ ಕಥೆ ಹೇಳಿದ. ಅವಳು ನಡುವೆ ಬಾಯಿ ಹಾಕಲಿಲ್ಲ.

"ನಿಮ್ಮ ಭಯ ಸುಳ್ಳಲ್ಲ," ಎಂದಳು ಕೊನೆಗೆ. "ಹೋದ ಚಳಿಗಾಲ ನಂದೂ ಒಂದು ಗರಗಸ ತುದಿ ಜೊತೆ ಹೋಯ್ತು. ಪಟ್ಟಿ ಎಳೀತು, ಹೊಲಿಗೆ ಕಿತ್ತೋಯ್ತು. ಸೊಂಟಕ್ಕೆ ಒಂದು ಏಟು ಬಿದ್ದ ಹಾಗಾಯ್ತು, ಅಷ್ಟೇ. ಮೇಲೇ ಕೂತು ಹತ್ತು ನಿಮಿಷ ಬೈದೆ, ಆಮೇಲೆ ಇಳಿದು ಚಹಾ ಕುಡಿದೆ. ನಿಮ್ಮ ಬೆವನ್ ಕಾಲದಲ್ಲಿ ಇದು ಇರ್ಲಿಲ್ಲ. ನಿಮ್ಮ ಕಾಲದಲ್ಲಿ ಇತ್ತಲ್ವಾ?"

ಇತ್ತು. ಪ್ರತಿದಿನ ಬೆಳಿಗ್ಗೆ ಅವನ ಗಾಡಿಯಲ್ಲೇ ಇತ್ತು. ತನ್ನ ಹಳೆಯ ಭಯವನ್ನು ಅವನು ಅಷ್ಟೂ ವರ್ಷ ಜೋಪಾನವಾಗಿ ಕಾದುಕೊಂಡಿದ್ದ. ಅದರ ಭಾರವನ್ನು ಮಾತ್ರ ಕೆಳಗೆ ನಿಂತವಳ ತಲೆಯ ಮೇಲೆ ತೂಗುಹಾಕಿದ್ದ. ಹನ್ನೆರಡು ವರ್ಷ ಅವಳು ಹೀಗೆ ತಲೆಯೆತ್ತಿ ನಿಂತಿದ್ದಳು.

ಅಂದು ಸಂಜೆ ಅವನು ನೇರವಾಗಿ ನರೆಲ್‌ಳ ಮನೆಗೆ ಹೋದ. ಅವಳ ಅಕ್ಕ ಬೆಳಿಗ್ಗೆ ತೊಡಿಸಿ ಹೋಗಿದ್ದ ಅಂಗಿಯ ಗುಂಡಿಗಳು ಒಂದೊಂದು ತೂತು ತಪ್ಪಿ ಏರುಪೇರಾಗಿದ್ದವು. ಅದನ್ನು ಸರಿಮಾಡಿಕೊಳ್ಳಲು ಅವಳಿಂದ ಆಗಿರಲಿಲ್ಲ. ಒಲೆಯ ಮುಂದೆ ಕುಳಿತಿದ್ದಳು.

ಕ್ಲೈವ್ ಕೂರಲಿಲ್ಲ. "ನಾನು ಕರೆದಿದ್ದೆ," ಎಂದ. "ನಾನು ಬಾ ಅಂದೆ. ನೀನು ಬಂದೆ. ನಾಳೆ ಹೋಗಿ ಹೇಳ್ತೀನಿ."

ಅವಳು ‘ಬೇಡ ಬಿಡು’ ಎನ್ನಬಹುದೆಂದು ಅವನು ಎಣಿಸಿದ್ದ.

"ಆರು ವಾರ ಆಯ್ತು," ಎಂದಳು. "ಆ ಹೊತ್ತು ನನ್ನ ಬಾಯಿಗೆ ಅದೇ ಬಂತು, ಹೇಳಿಬಿಟ್ಟೆ. ಆದ್ರೆ ನೀನು ಅದನ್ನ ಹಾಗೇ ಇಟ್ಕೋತೀಯ ಅಂತ ಅನ್ಕೊಂಡಿರ್ಲಿಲ್ಲ ಕ್ಲೈವ್. ಬಾಗಿಲು ಸದ್ದಾದಾಗಲೆಲ್ಲ ನೀನೇ ಬಂದೆ ಅನ್ಕೋತಿದ್ದೆ. ಊರಲ್ಲಿ ಏನಂತಾರೆ ಗೊತ್ತಾ? ಹೆಂಗಸು, ಅವಸರ ಜಾಸ್ತಿ, ಕರೆಯೋಕೆ ಮುಂಚೆ ಓಡಿದ್ಲು ಅಂತಾರೆ. ಬೇಕರೀಲಿ, ನನ್ನ ಎದುರಿಗೇ."

ಗರಗಸ ಬಿದ್ದ ಕ್ಷಣಕ್ಕಿಂತ ಈ ಕ್ಷಣ ಕ್ಲೈವನಿಗೆ ಹೆಚ್ಚು ಬಡಿಯಿತು. ಅದು ಕೈ ತಪ್ಪಿ ಆದದ್ದು. ಇದನ್ನು ಅವನು ಆರು ವಾರ, ದಿನವೂ ಎದ್ದು, ತಾನಾಗಿ ಮಾಡಿದ್ದ.

"ನಾಳೆ ನಾನೂ ಬರ್ತೀನಿ," ಎಂದಳು ನರೆಲ್. "ನನ್ನ ಸುಳ್ಳು ನಾನೇ ತೆಗೀಬೇಕು."

ಮರುದಿನ ಲಾನ್ಸೆಸ್ಟನ್‌ನ ಕಚೇರಿಯಲ್ಲಿ ಇಂಗ್ರಿಡ್ ಇಬ್ಬರ ಹೇಳಿಕೆಯನ್ನೂ ಹೊಸದಾಗಿ ಬರೆದುಕೊಂಡರು. ಕ್ಲೈವ್ ಏನನ್ನೂ ಬಿಡಲಿಲ್ಲ: ಕೊಕ್ಕೆ, ಹಾಕದ ಬ್ರೇಕ್, ಕಟ್ಟಿಕೊಳ್ಳದ ಪಟ್ಟಿ, ಬಾ ಎಂದದ್ದು, ಆಸ್ಪತ್ರೆಯಲ್ಲಿ ತಲೆ ಅಲ್ಲಾಡಿಸಿದ್ದು.

"ಈ ರೀತಿ ಎಷ್ಟು ದಿನದಿಂದ ಕೆಲಸ ಮಾಡ್ತಿದ್ರಿ?" ಎಂದು ಅವರು ಕೇಳಿದರು.

"ಇಪ್ಪತ್ತೆರಡು ವರ್ಷ."

ಇಂಗ್ರಿಡ್‌ರ ಪೆನ್ನು ನಿಂತಿತು. ಅವರು ಅವನನ್ನು ನೋಡಿ, ಆಮೇಲೆ ನರೆಲ್‌ಳ ಕೈಯನ್ನು ನೋಡಿದರು. "ನಿಮ್ಮ ಪರವಾನಗಿ ಹೋಗಬಹುದು. ಮೊಕದ್ದಮೆಯೂ ಆಗಬಹುದು. ಗೊತ್ತಲ್ವಾ?"

"ಗೊತ್ತು."

ಅಚ್ಚಾದ ಹಾಳೆಗಳು ಬಂದವು. ಕ್ಲೈವ್ ತನ್ನದಕ್ಕೆ ಸಹಿ ಹಾಕಿದ. ನರೆಲ್ ಎಡಗೈಯಲ್ಲಿ ಪೆನ್ನು ತೆಗೆದುಕೊಂಡಳು. ಒತ್ತಿದೊಡನೆ ಹಾಳೆ ಮೇಜಿನ ಮೇಲೆ ಜಾರಿತು. ಬಲಗೈಯಿಂದ ಒತ್ತಿಹಿಡಿಯಲು ನೋಡಿದಳು. ಬಿಗಿದ ಬೆರಳುಗಳು ಹಾಳೆಯ ಮೇಲೆ ನಿಲ್ಲಲಿಲ್ಲ.

"ಮೊದಲಕ್ಷರ ಬರೆದ್ರೂ ಸಾಕು," ಎಂದರು ಇಂಗ್ರಿಡ್ ಮೆತ್ತಗೆ.

"ಬೇಡ. ಪೂರ್ತಿ ಬರೀತೀನಿ."

ಕ್ಲೈವ್ ತನ್ನ ಅಂಗೈಯನ್ನು ಹಾಳೆಯ ಮೂಲೆಯ ಮೇಲಿಟ್ಟ. ಅವಳು ಅವನ ಮುಖ ನೋಡಲಿಲ್ಲ, ಕೈ ತೆಗೆ ಎನ್ನಲೂ ಇಲ್ಲ. ಒಂದನೇ ತರಗತಿಯ ಮಗುವಿನಂತೆ, ಸೊಟ್ಟ ಸೊಟ್ಟಗೆ, ಒಂದೊಂದೇ ಅಕ್ಷರ ಕೂಡಿಸಿ ಅವಳು ತನ್ನ ಹೆಸರು ಬರೆಯತೊಡಗಿದಳು. ತುಂಬ ಹೊತ್ತು ಹಿಡಿಯಿತು. ಕ್ಲೈವ್ ಒಂದು ಅಕ್ಷರದಿಂದಲೂ ಕಣ್ಣು ತೆಗೆಯಲಿಲ್ಲ. ಕೊನೆಯ ಅಕ್ಷರ ಮುಗಿಯುವವರೆಗೆ ಹಾಳೆ ಅಲುಗದಂತೆ ಹಿಡಿದೇ ಇದ್ದ.